ಫೋರ್ಡ್ ಮಸ್ಟಾಂಗ್‌ಗೆ ಷೆವಿ ಎಂಜಿನ್: ಒಂದು ಗ್ಯಾರೇಜಿನ ಹದಿನಾಲ್ಕು ತಿಂಗಳು

ಈ ಕಾರು ಅಮೆರಿಕದ ಮಿಷಿಗನ್ ರಾಜ್ಯದ್ದು. ಡೆಟ್ರಾಯಿಟ್‌ನಿಂದ ಸ್ವಲ್ಪ ದೂರದ ಒಂದು ಮನೆಯ ಗ್ಯಾರೇಜಿನಲ್ಲಿ ನಡೆದ ಕೆಲಸ ಇದು. ಕಾರಿನ ಮಾಲೀಕರು ಅಲ್ಲಿ ನೆಲೆಸಿರುವ ಕನ್ನಡದವರು, ನನಗಿಂತ ಹತ್ತು ವರ್ಷ ದೊಡ್ಡವರು. ನಾನು ಅವರನ್ನು ಅಣ್ಣ ಅಂತಲೇ ಕರೆಯುವುದು, ಇಲ್ಲೂ ಹಾಗೇ ಕರೆಯುತ್ತೇನೆ. ಶನಿವಾರ ಶನಿವಾರ ಹೋಗಿ ಕೈಜೋಡಿಸುತ್ತಿದ್ದೆ. ಅವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬಿಟ್ಟಿದ್ದೇನೆ. ಮಾಡಿದ ತಪ್ಪುಗಳನ್ನು ಬಿಟ್ಟಿಲ್ಲ, ಯಾಕೆಂದರೆ ಬೇರೆಯವರಿಗೆ ಉಪಯೋಗ ಆಗುವುದು ಅವೇ.

ಊರಿನ ಬಗ್ಗೆ ಒಂದು ಮಾತು ಮೊದಲೇ ಹೇಳಬೇಕು. ಫೋರ್ಡ್ ಕಂಪನಿಯ ಮುಖ್ಯ ಕಚೇರಿ ಡಿಯರ್‌ಬಾರ್ನ್‌ನಲ್ಲಿ, ಜಿಎಂ, ಅಂದರೆ ಜನರಲ್ ಮೋಟರ್ಸ್ ಕಚೇರಿ ಡೆಟ್ರಾಯಿಟ್‌ನಲ್ಲಿ. ಎರಡೂ ಅಕ್ಕಪಕ್ಕದ ಊರು. ಮಸ್ಟಾಂಗ್ 1964ರ ಏಪ್ರಿಲ್‌ನಲ್ಲಿ ಬಂತು. ಅದಕ್ಕೆ ಉತ್ತರವಾಗಿ ಜಿಎಂನ ಷೆವರ್ಲೆ (ಜನರ ಬಾಯಲ್ಲಿ ಷೆವಿ) 1967ರ ಮಾಡೆಲ್ ಆಗಿ ಕಮಾರೊ ತಂದಿತು. ಅವತ್ತಿನಿಂದ ಇವತ್ತಿನವರೆಗೂ ಅಲ್ಲಿ ಒಂದು ಮನೆ ಫೋರ್ಡ್ ಕಡೆ, ಪಕ್ಕದ ಮನೆ ಷೆವಿ ಕಡೆ. ಅಂಥ ಜಾಗದಲ್ಲಿ ಮಸ್ಟಾಂಗ್ ಬಾನೆಟ್ ಕೆಳಗೆ ಷೆವಿ ಎಂಜಿನ್ ಕೂರಿಸುತ್ತೇನೆ ಅಂದರೆ ಜನ ಬರೀ ಮೆಕ್ಯಾನಿಕ್ ಕೆಲಸ ಅಂತ ನೋಡುವುದಿಲ್ಲ, ಪಕ್ಷಾಂತರ ಅಂತ ನೋಡುತ್ತಾರೆ.

ಕಾರು ಹೇಗಿತ್ತು

1967ರ ಎರಡು ಬಾಗಿಲಿನ ಮಸ್ಟಾಂಗ್. ಕಾರ್ಖಾನೆಯವರೇ ಕೊಟ್ಟ ಕಾರಿನ ನಂಬರಿನಲ್ಲಿ ಮೊದಲ ಐದು ಅಕ್ಷರ 7ಎಫ್01ಸಿ. ಏಳು ಅಂದರೆ 1967, ಎಫ್ ಅಂದರೆ ಡಿಯರ್‌ಬಾರ್ನ್ ಕಾರ್ಖಾನೆ, 01 ಅಂದರೆ ಹಾರ್ಡ್‌ಟಾಪ್ (ಗಟ್ಟಿ ಚಾವಣಿ), ಸಿ ಅಂದರೆ ಎರಡು ಬಾಯಿಯ ಕಾರ್ಬೊರೇಟರ್ ಇರುವ 289 ಎಂಜಿನ್ (ಘನ ಇಂಚಿನ ಲೆಕ್ಕ). ಅಣ್ಣ ಕೊಂಡಾಗ ಎಂಜಿನ್ ಓಡುತ್ತಿರಲಿಲ್ಲ. ಹಿಂದಿನವರು ಬರೀ ನೀರು ತುಂಬಿ ಚಳಿಗಾಲ ಪೂರ್ತಿ ಹೊರಗೆ ನಿಲ್ಲಿಸಿದ್ದರು. ನೀರು ಹೆಪ್ಪುಗಟ್ಟಿ ಬ್ಲಾಕ್ ಪಕ್ಕದಲ್ಲಿ ಸೀಳಿತ್ತು.

ಸ್ಟಾರ್ಟರ್ ಮೋಟರ್ ಬಿಚ್ಚಿ ಅದರ ಮೇಲಿನ ಕೊಳೆ ಒರೆಸಿದಾಗ ಎರಕದ ಅಕ್ಷರಗಳು ಕಂಡವು. ಮೊದಲಕ್ಷರ ಡಿ. ಫೋರ್ಡ್ ಲೆಕ್ಕದಲ್ಲಿ ಸಿ ಅಂದರೆ ಅರವತ್ತರ ದಶಕ, ಡಿ ಅಂದರೆ ಎಪ್ಪತ್ತರ ದಶಕ. ಅಂದರೆ ಅದು ಕಾರಿನ ಜೊತೆ ಹುಟ್ಟಿದ ಎಂಜಿನ್ ಅಲ್ಲ. ಯಾರೋ ಯಾವಾಗಲೋ ಬದಲಿಸಿದ್ದರು. ಇಡೀ ಪ್ರಕರಣದ ಮೊದಲ ತಿರುವು ಇದೇ. ಮೂಲ ಎಂಜಿನ್ ಇನ್ನೂ ಇದ್ದಿದ್ದರೆ ಅಣ್ಣ ಅದನ್ನೇ ರಿಪೇರಿ ಮಾಡಿಸುತ್ತಿದ್ದರು. ನಾನೂ ಅದನ್ನೇ ಹೇಳುತ್ತಿದ್ದೆ. ಹುಟ್ಟಿದಾಗಿನ ಎಂಜಿನ್ನೇ ಇರುವ, ನಂಬರ್ ಹೊಂದುವ ಹಳೇ ಕಾರನ್ನು ಕೆಡಿಸಬಾರದು. ಇಲ್ಲಿ ಕೆಡಿಸಲು ಏನೂ ಉಳಿದಿರಲಿಲ್ಲ.

ಅದೇ ಸಮಯಕ್ಕೆ ಅವರ 2004ರ ಷೆವರ್ಲೆ ಸಿಲ್ವರಾಡೊ ಪಿಕಪ್ ಕೊನೆಗಾಲಕ್ಕೆ ಬಂದಿತ್ತು. ಮಿಷಿಗನ್‌ನಲ್ಲಿ ಹಿಮ ಕರಗಲಿ ಅಂತ ರಸ್ತೆಗೆ ಉಪ್ಪು ಸುರಿಯುತ್ತಾರೆ. ಆ ಉಪ್ಪಿಗೆ ಗಾಡಿಯ ಚಾಸಿ ತುಕ್ಕು ಹಿಡಿದು ತೂತಾಗಿತ್ತು. ಎಂಜಿನ್ ಮಾತ್ರ ಗಟ್ಟಿ. 5.3 ಲೀಟರಿನ ವಿ8, ಒಂದು ದಿನವೂ ಕೈಕೊಟ್ಟಿರಲಿಲ್ಲ. "ಗುಜರಿಗೆ ಹಾಕೋಕೆ ಮನಸ್ಸು ಬರ್ತಿಲ್ಲ ಕಣಪ್ಪ, ಮಸ್ಟಾಂಗ್‌ನಲ್ಲಿ ಕೂರುತ್ತಾ ನೋಡೋಣ" ಅಂದರು. ಕೆಲಸ ಶುರುವಾಗಿದ್ದು ಹೀಗೆ.

ಎದುರಾಳಿ ಕಂಪನಿಯದ್ದೇ ಯಾಕೆ

ಇದು ಜಿಎಂನವರ ಎಲ್‌ಎಸ್ ಕುಟುಂಬದ ಎಂಜಿನ್. 1997ರ ಕಾರ್ವೆಟ್‌ನಲ್ಲಿ ಎಲ್‌ಎಸ್1 ಹೆಸರಲ್ಲಿ ಮೊದಲು ಬಂತು. ಆಮೇಲೆ ಪಿಕಪ್‌ಗಳಿಗೆ ಕಬ್ಬಿಣದ ಬ್ಲಾಕಿನ 4.8 ಮತ್ತು 5.3 ಲೀಟರ್ ರೂಪದಲ್ಲಿ ಲಕ್ಷಗಟ್ಟಲೆ ತಯಾರಾಯಿತು. ಹಾಗಾಗಿ ಯಾವ ಗುಜರಿಗೆ ಹೋದರೂ ಸಿಗುತ್ತದೆ.

ಇದರ ಇನ್ನೊಂದು ಗುಣ ಅಗಲ ಕಮ್ಮಿ ಇರುವುದು. ವಾಲ್ವ್‌ಗಳನ್ನು ತೆರೆಸುವ ಕ್ಯಾಮ್‌ಶಾಫ್ಟ್ ಬ್ಲಾಕಿನ ಒಳಗೇ ಇದೆ, ಬ್ಲಾಕಿನ ಮೇಲೆ ಕೂರುವ ಹೆಡ್‌ನಲ್ಲಿ ಇಲ್ಲ. ಫೋರ್ಡ್‌ನವರದ್ದೇ ಹೊಸ ಎಂಜಿನ್ ಹಾಕಬಹುದಲ್ವಾ ಅಂತ ಎಲ್ಲರೂ ಕೇಳುತ್ತಾರೆ. 2011ರಲ್ಲಿ ಬಂದ 5.0 ಕಯೋಟಿ ತುಂಬಾ ಒಳ್ಳೆಯ ಎಂಜಿನ್, ಆದರೆ ಅದರ ನಾಲ್ಕೂ ಕ್ಯಾಮ್‌ಶಾಫ್ಟ್ ಹೆಡ್ ಮೇಲೆ ಕೂತಿವೆ. ಹಾಗಾಗಿ ಬಲು ಅಗಲ. ಹಳೇ ಮಸ್ಟಾಂಗ್‌ನಲ್ಲಿ ಮುಂದಿನ ಚಕ್ರದ ಸ್ಪ್ರಿಂಗ್ ಮೇಲಿನ ಆರ್ಮ್ ಮೇಲೆ ನಿಂತಿರುತ್ತದೆ. ಅದನ್ನು ಹಿಡಿದಿಡಲು ಬಾನೆಟ್ ಕೆಳಗೆ ಎರಡೂ ಬದಿ ತಗಡಿನ ಗೋಪುರಗಳು, ಅಂದರೆ ಶಾಕ್ ಟವರ್‌ಗಳು. 1967ರಲ್ಲಿ ದೊಡ್ಡ 390 ಎಂಜಿನ್ ಹಿಡಿಯಲಿ ಅಂತ ಫೋರ್ಡ್ ಈ ಜಾಗವನ್ನು ಒಂದಿಷ್ಟು ಅಗಲ ಮಾಡಿತು. ಆದರೂ ಕಯೋಟಿಗೆ ಅದು ಸಾಲದು, ಟವರ್ ಕತ್ತರಿಸಲೇಬೇಕು.

ಶಕ್ತಿಯ ಲೆಕ್ಕವನ್ನೂ ಸರಿಯಾಗಿ ಓದಬೇಕು. ಹಳೇ 289ಕ್ಕೆ ಕಾಗದದ ಮೇಲೆ 200 ಹಾರ್ಸ್‌ಪವರ್. ಪಿಕಪ್‌ನ 5.3ಕ್ಕೆ 300ರ ಹತ್ತಿರ. ಆದರೆ ಅರವತ್ತರ ದಶಕದಲ್ಲಿ ಸೈಲೆನ್ಸರ್, ಏರ್ ಫಿಲ್ಟರ್, ಆಲ್ಟರ್ನೇಟರ್ ಏನೂ ಇಲ್ಲದೆ ಬರೀ ಎಂಜಿನ್ ಓಡಿಸಿ ಅಳೆಯುತ್ತಿದ್ದರು. ಕಾರಿನಲ್ಲಿ ಇರುವ ಹಾಗೇ ಎಲ್ಲ ಜೋಡಿಸಿ ಅಳೆಯುವ ಪದ್ಧತಿ ಬಂದಿದ್ದು 1972ರ ಹೊತ್ತಿಗೆ. ಹಾಗಾಗಿ ನಿಜವಾದ ಅಂತರ ನೂರಕ್ಕಿಂತ ಜಾಸ್ತಿ. ಇದು ಅರ್ಥವಾದ ದಿನ ಅಣ್ಣ ಒಂದು ಒಳ್ಳೆಯ ನಿರ್ಧಾರ ಮಾಡಿದರು: ಎಂಜಿನ್ ಮುಟ್ಟುವ ಮೊದಲು ಬ್ರೇಕ್. ಮುಂದಿನ ಡ್ರಮ್ ಬ್ರೇಕ್ ತೆಗೆದು ಡಿಸ್ಕ್ ಹಾಕಿದೆವು. ಅಕ್ಟೋಬರ್ ತಿಂಗಳು ಅದರಲ್ಲೇ ಕಳೆಯಿತು. ಆ ಒಂದು ವಿಷಯದಲ್ಲಿ ಆಮೇಲೆ ಯಾವತ್ತೂ ಯೋಚನೆ ಬರಲಿಲ್ಲ.

ಕತ್ತರಿಸಬೇಕೋ ಬೇಡವೋ

ಈ ಕೆಲಸ ಮಾಡುವವರಲ್ಲಿ ಬಹಳ ಜನ ಟವರ್‌ಗಳನ್ನು ಕತ್ತರಿಸಿ ತೆಗೆದು, 1974ರ ಮಸ್ಟಾಂಗ್ ಟೂ ಮಾದರಿಯ ಮುಂಭಾಗದ ಸಸ್ಪೆನ್ಷನ್ ಬೆಸುಗೆ ಹಾಕಿಸುತ್ತಾರೆ. ಜಾಗ ಸಿಗುತ್ತದೆ, ಸ್ಟೀರಿಂಗ್ ಕೂಡ ಹೊಸದಾಗುತ್ತದೆ. ನಾನು ಅದೇ ಮಾಡೋಣ ಅಂದೆ. ಅಣ್ಣ ಒಪ್ಪಲಿಲ್ಲ.

"ಕತ್ತರಿಸೋದು ಒಂದು ಗಂಟೆ ಕೆಲಸ. ತಪ್ಪಾಯ್ತು ಅಂದ್ರೆ ವಾಪಸ್ ಯಾರು ಅಂಟಿಸ್ತಾರೆ?"

ಅವರು ಹೇಳಿದ್ದು ಸರಿ ಇತ್ತು. ಈ ಕಾರಿಗೆ ಬೇರೆ ಚಾಸಿ ಇಲ್ಲ, ಬಾಡಿಯೇ ಚಾಸಿ. ಮುಂದಿನ ಚಕ್ರದ ಏಟೆಲ್ಲ ಟವರ್ ಮೂಲಕವೇ ಬಾಡಿಗೆ ಹೋಗುತ್ತದೆ. ಬೆಸುಗೆಯಲ್ಲಿ ನಮಗಿಬ್ಬರಿಗೂ ಪಳಗಿದ ಕೈ ಇರಲಿಲ್ಲ. ಎಲ್‌ಎಸ್ ಎಂಜಿನ್ ಟವರ್‌ಗಳ ನಡುವೆ ಹಿಡಿಯುತ್ತದೆ ಅಂದ ಮೇಲೆ ಕತ್ತರಿಸುವ ಅಗತ್ಯವೂ ಇರಲಿಲ್ಲ. ಕಾರಿನ ಲೋಹಕ್ಕೆ ಗರಗಸ ಹಚ್ಚುವುದಿಲ್ಲ, ಹಾಕಿದ್ದೆಲ್ಲ ಬೋಲ್ಟ್ ಬಿಚ್ಚಿ ತೆಗೆಯುವ ಹಾಗಿರಬೇಕು ಅಂತ ಗೋಡೆ ಮೇಲೆ ಬರೆದು ಅಂಟಿಸಿದರು. ಮುಂದಿನ ಎಲ್ಲ ನಿರ್ಧಾರಗಳೂ ಆ ಚೀಟಿಗೆ ತಕ್ಕ ಹಾಗೆ ನಡೆದವು. ಕೆಲವು ಸಲ ಅದರಿಂದ ಕಷ್ಟ ಆಯಿತು, ಕೆಲಸ ನಿಧಾನ ಆಯಿತು. ಆದರೂ ಅದು ಸರಿಯಾದ ನಿರ್ಧಾರ ಅಂತಲೇ ನಾನು ಈಗ ಹೇಳುತ್ತೇನೆ.

ಚೇಂಬರ್

ನಮ್ಮ ಗ್ಯಾರೇಜುಗಳಲ್ಲಿ ಚೇಂಬರ್ ಅನ್ನುತ್ತೇವಲ್ಲ, ಎಂಜಿನ್ ತಳದ ಎಣ್ಣೆ ಪಾತ್ರೆ, ಮೂರು ತಿಂಗಳು ತಿಂದಿದ್ದು ಅದು. ಎಂಜಿನ್ ಒಳಗೆ ಇಳಿಸಲು ಹಿಡಿದಿದ್ದು ಒಂದು ಬೆಳಿಗ್ಗೆ ಮಾತ್ರ. ಇಳಿಸಿ ನೋಡಿದರೆ ಮೂರು ಇಂಚು ಮೇಲೆ ನಿಂತಿತ್ತು.

ಹಳೇ ಮಸ್ಟಾಂಗ್‌ನಲ್ಲಿ ಎಂಜಿನ್ ಕೆಳಗೆ ಅಡ್ಡಪಟ್ಟಿ ಇದೆ, ಅದರ ಹಿಂದೆ ಸ್ಟೀರಿಂಗ್‌ನ ಅಡ್ಡ ರಾಡ್. ಅದಕ್ಕೇ ಫೋರ್ಡ್ ಎಂಜಿನ್ನಿನ ಚೇಂಬರ್ ಮುಂದೆ ಆಳ, ಹಿಂದೆ ತೆಳು. ಷೆವಿ ಪಿಕಪ್‌ನದ್ದು ತದ್ವಿರುದ್ಧ, ಹಿಂದೆ ಆಳ. ಆಳದ ಭಾಗ ನೇರವಾಗಿ ಸ್ಟೀರಿಂಗ್ ರಾಡ್ ಮೇಲೆ ಕೂರುತ್ತದೆ.

ಮೊದಲು ಸುಲಭದ ದಾರಿ ಹಿಡಿದೆವು. ಪಿಕಪ್ ಚೇಂಬರನ್ನೇ ಕತ್ತರಿಸಿ, ಆಳ ಕಮ್ಮಿ ಮಾಡಿ, ತಳಕ್ಕೆ ಹೊಸ ಅಲ್ಯೂಮಿನಿಯಂ ತಗಡು ಬೆಸುಗೆ ಹಾಕಿಸಿದೆವು. ನೋಡಲು ಚೆನ್ನಾಗೇ ಇತ್ತು. ಪಕ್ಕದ ಮನೆಯಲ್ಲಿ ಒಬ್ಬ ಹಿರಿಯರಿದ್ದರು, ನಿವೃತ್ತ ಟೂಲ್‌ರೂಮ್ ಕೆಲಸಗಾರರು. ಎಂಜಿನ್ನಿಗೆ ಹಾಕುವ ಮೊದಲು ಸೀಮೆಎಣ್ಣೆ ಸುರಿದು ರಾತ್ರಿ ಪೂರ್ತಿ ಬಿಡಿ ಅಂದರು. ಕೆಳಗೆ ಹಳೇ ದಿನಪತ್ರಿಕೆ ಹಾಸಿ ಬಿಟ್ಟೆವು. ಬೆಳಿಗ್ಗೆ ನೋಡಿದರೆ ಬೆಸುಗೆ ಸಾಲಿನ ಉದ್ದಕ್ಕೂ ಕಾಗದದ ಮೇಲೆ ಒದ್ದೆ ಗೆರೆ, ಪೆನ್ಸಿಲಿನಲ್ಲಿ ಎಳೆದ ಹಾಗೆ. ಇಪ್ಪತ್ತು ವರ್ಷ ಎಣ್ಣೆ ಕುಡಿದ ಎರಕದ ಅಲ್ಯೂಮಿನಿಯಂ ಅದು. ಬೆಸುಗೆ ಹಾಕುವಾಗ ಒಳಗಿನ ಎಣ್ಣೆ ಸುಟ್ಟು ಸಣ್ಣ ಸಣ್ಣ ರಂಧ್ರ ಬಿಟ್ಟಿತ್ತು. ಸೋರುವುದನ್ನು ನಿಲ್ಲಿಸಿದ್ದರೂ ಎಣ್ಣೆ ಹಿಡಿಯುವ ಜಾಗ ಕಮ್ಮಿ ಆಗಿಬಿಡುತ್ತಿತ್ತು. ತಿರುವಿನಲ್ಲಿ ಎಣ್ಣೆ ಒಂದು ಬದಿಗೆ ಸರಿದರೆ ಪಂಪ್ ಗಾಳಿ ಎಳೆಯುತ್ತದೆ.

ದಾರಿ ಸಿಕ್ಕಿದ್ದು ಜಿಎಂ ಮನೆಯೊಳಗೇ. 2004ರಿಂದ 2006ರವರೆಗೆ ಪಾಂಟಿಯಾಕ್ ಜಿಟಿಒ ಅಂತ ಒಂದು ಕಾರು ಮಾರಿದರು. ಅದು ಆಸ್ಟ್ರೇಲಿಯಾದ ಹೋಲ್ಡನ್ ಕಾರ್ಖಾನೆಯಲ್ಲಿ ತಯಾರಾಗಿದ್ದು. ಅದರಲ್ಲಿರುವುದೂ ಎಲ್‌ಎಸ್ ಎಂಜಿನ್ನೇ, ಆದರೆ ಚೇಂಬರಿನ ಆಳ ಮುಂದಿದೆ. ಅದನ್ನು ತರಿಸಿದೆವು. ಅದರ ಜೊತೆ ಎಣ್ಣೆ ಎಳೆಯುವ ಪೈಪ್, ಒಳಗಿನ ತಟ್ಟೆ, ಡಿಪ್‌ಸ್ಟಿಕ್ ಮೂರೂ ಬದಲಾಗಬೇಕು. ಎಲ್‌ಎಸ್‌ನಲ್ಲಿ ಚೇಂಬರಿಗೂ ಗೇರ್‌ಬಾಕ್ಸಿಗೂ ಬೋಲ್ಟ್ ಇರುವುದರಿಂದ, ಹಿಂದಿನ ಅಂಚು ಬ್ಲಾಕಿನ ಅಂಚಿಗೆ ಸಮನಾಗಿದೆಯಾ ಅಂತ ಉಕ್ಕಿನ ಪಟ್ಟಿ ಇಟ್ಟು ನೋಡಬೇಕು. ಇಷ್ಟು ಮಾಡಿದ ಮೇಲೆ ಎಂಜಿನ್ ತಾನು ಕೂರಬೇಕಾದ ಜಾಗಕ್ಕೆ ಇಳಿಯಿತು, ಬಾನೆಟ್ ಮುಚ್ಚಿತು.

ಎಂಜಿನ್ನನ್ನು ಕಾರಿಗೆ ಹಿಡಿದಿಡುವ ಮೌಂಟ್‌ಗಳನ್ನು ಆ ಹಿರಿಯರೇ ಮಾಡಿಕೊಟ್ಟರು. ಮೊದಲು ರಟ್ಟು, ಆಮೇಲೆ ಪ್ಲೈವುಡ್, ಕೊನೆಗೆ ಉಕ್ಕು. ಮೂರು ಸಲ ಎಂಜಿನ್ ಇಳಿಸಿ ಎತ್ತಿದೆವು. ಎಡಗಡೆ ಸ್ಟೀರಿಂಗ್ ಬಾಕ್ಸಿಗೂ ಎಕ್ಸಾಸ್ಟ್ ಪೈಪಿಗೂ ನಡುವೆ ಒಂದು ಬೆರಳಷ್ಟೇ ಜಾಗ. ಪಿಕಪ್‌ನ ಎರಕದ ಮ್ಯಾನಿಫೋಲ್ಡ್ ಅಲ್ಲಿ ಹಿಡಿಯಲೇ ಇಲ್ಲ. ಈ ಜೋಡಿಗೆಂದೇ ಮಾಡಿದ ಹೆಡರ್ ಪೈಪ್ ಕೊಳ್ಳಬೇಕಾಯಿತು.

ಗೇರ್‌ಬಾಕ್ಸ್ ಪಿಕಪ್‌ನದ್ದೇ, ಹಿಂದಿನ ಆಕ್ಸಲ್ ಮಸ್ಟಾಂಗ್‌ನದ್ದೇ. ನಡುವಿನ ಶಾಫ್ಟ್ ಅಳತೆ ಕೊಟ್ಟು ಮಾಡಿಸಿದ್ದು, ಒಂದು ತುದಿಗೆ ಜಿಎಂ ಜಾಯಿಂಟ್, ಇನ್ನೊಂದಕ್ಕೆ ಫೋರ್ಡ್ ಜಾಯಿಂಟ್. ಆ ಕೆಲಸ ತೊಂದರೆ ಇಲ್ಲದೆ ಮುಗಿಯಿತು.

ಸ್ಟಾರ್ಟ್ ಆಯಿತು, ನಿಂತಿತು

ಜೂನ್ ತಿಂಗಳಲ್ಲಿ ಮೊದಲ ಸಲ ಕೀ ತಿರುಗಿಸಿದೆವು. ಎಂಜಿನ್ ಹೊತ್ತಿಕೊಂಡಿತು, ಎರಡು ಸೆಕೆಂಡ್ ಓಡಿತು, ನಿಂತಿತು. ಮತ್ತೆ ತಿರುಗಿಸಿದರೆ ಮತ್ತೆ ಅದೇ.

ಪೆಟ್ರೋಲ್ ಬರುತ್ತಿಲ್ಲ ಅಂದುಕೊಂಡೆವು. ಹಾಗೆ ಅಂದುಕೊಳ್ಳಲು ಕಾರಣವೂ ಇತ್ತು. ಕಾರ್ಬೊರೇಟರಿಗೆ 5ರಿಂದ 7 ಪಿಎಸ್‌ಐ ಒತ್ತಡ ಸಾಕು, ಈ ಎಂಜಿನ್ನಿಗೆ 58 ಬೇಕು. ಟ್ಯಾಂಕ್ ಒಳಗೆ ಪಂಪ್ ಇರುವ ಹೊಸ ಟ್ಯಾಂಕ್ ಹಾಕಿದ್ದೆವು. ಹಳೇ ರಬ್ಬರ್ ಪೈಪೆಲ್ಲ ಕಿತ್ತು, ಜಾಸ್ತಿ ಒತ್ತಡ ತಡೆಯುವ ಪೈಪ್ ಎಳೆದಿದ್ದೆವು. 1999ರಿಂದ 2003ರ ಕಾರ್ವೆಟ್‌ನ ಫಿಲ್ಟರ್ ಬಳಸಿದ್ದೆವು. ಅದರೊಳಗೇ 58ಕ್ಕೆ ನಿಲ್ಲಿಸುವ ರೆಗ್ಯುಲೇಟರ್ ಇರುತ್ತದೆ. ಎಲ್ಲ ಹೊಸದು, ಹಾಗಾಗಿ ಅದರ ಮೇಲೇ ಅನುಮಾನ. ಮೂರು ವಾರಾಂತ್ಯ ಅದನ್ನೇ ಬಿಚ್ಚಿ ಜೋಡಿಸಿದೆವು. ಗೇಜ್ ಪ್ರತಿ ಸಲವೂ 58 ತೋರಿಸುತ್ತಿತ್ತು. ಆ ಮುಳ್ಳನ್ನು ಮೊದಲ ದಿನವೇ ನಂಬಬೇಕಿತ್ತು.

ನಾಲ್ಕನೇ ವಾರ ಎಂಜಿನ್ ನಡೆಸುವ ಕಂಪ್ಯೂಟರಿಗೆ ಸ್ಕ್ಯಾನರ್ ಚುಚ್ಚಿ, ಎಂಜಿನ್ ನಿಲ್ಲುವ ಆ ಕ್ಷಣದ ಮಾಹಿತಿ ಓದಿದೆವು. ಪೆಟ್ರೋಲ್ ಕಡಿದುಹಾಕುತ್ತಿದ್ದುದು ಕಂಪ್ಯೂಟರೇ. ಪಿಕಪ್‌ನಲ್ಲಿ ಕಳ್ಳತನ ತಡೆಯುವ ವ್ಯವಸ್ಥೆ ಇರುತ್ತದೆ. ಸರಿಯಾದ ಕೀ ಅಂತ ಬಾಡಿ ಕಡೆಯಿಂದ ಸಂದೇಶ ಬರದಿದ್ದರೆ ಎಂಜಿನ್ನನ್ನು ನಿಲ್ಲಿಸಿಬಿಡುತ್ತದೆ. ಸಂದೇಶ ಕಳಿಸಬೇಕಾದ ಪಿಕಪ್ ಬಾಡಿ ಆಗಲೇ ಗುಜರಿಯಲ್ಲಿ ಪುಡಿಯಾಗಿತ್ತು. ಕಂಪ್ಯೂಟರಿನಲ್ಲಿ ಅದನ್ನು ಆಫ್ ಮಾಡಿಕೊಡಲು ಒಂದು ಅಂಗಡಿಗೆ ಹಣ ಕೊಟ್ಟಿದ್ದೆವು. ಅವರು ಬೇರೆ ಎಲ್ಲ ಮಾಡಿ ಇದೊಂದನ್ನು ಬಿಟ್ಟಿದ್ದರು. ವಾಪಸ್ ಒಯ್ದಾಗ ಹತ್ತು ನಿಮಿಷದಲ್ಲಿ ಮುಗಿಯಿತು.

ಆಮೇಲೆ ಓಡಿತು. ಆದರೆ ಬಿಸಿಯಾಗುತ್ತಿದ್ದ ಹಾಗೆ ಆಯಿಲ್ ಪ್ರೆಷರ್ 35ರಿಂದ ಇಳಿದು 8ಕ್ಕೆ ಬಂತು. ಈ ಎಂಜಿನ್ನುಗಳಲ್ಲಿ ಪ್ರೆಷರ್ ಸೆನ್ಸರ್ ಕೆಡುವುದು ಹೊಸದಲ್ಲ, ಅದೇ ಇರಬೇಕು, ಸುಮ್ನೆ ಓಡಿಸಿ ನೋಡೋಣ ಅಂದೆ. ಅಣ್ಣ ತಕ್ಷಣ ಆಫ್ ಮಾಡಿದರು. ಬೇರೆ ಮುಳ್ಳಿನ ಗೇಜ್ ತಂದು ಜೋಡಿಸಿ ನೋಡಿದರು. ಅದೂ 8 ತೋರಿಸಿತು.

ಅಡ್ಡಪಟ್ಟಿ ಬಿಚ್ಚಿ, ಎಂಜಿನ್ ಸ್ವಲ್ಪ ಎತ್ತಿ, ಚೇಂಬರ್ ಇಳಿಸಿದೆವು. ಎಣ್ಣೆ ಎಳೆಯುವ ಪೈಪು ಪಂಪಿಗೆ ಸೇರುವ ಕಡೆ ಒಂದು ಸಣ್ಣ ರಬ್ಬರ್ ಉಂಗುರ ಇರುತ್ತದೆ. ಪೈಪನ್ನು ಅಲ್ಲಿ ಹಿಡಿದಿಡುವುದು ಒಂದೇ ಒಂದು ಬೋಲ್ಟ್. ಜೋಡಿಸುವಾಗ ಪೈಪ್ ಓರೆಯಾಗಿ ಹೋಗಿ ಉಂಗುರದ ಅಂಚು ಕತ್ತರಿಸಿತ್ತು. ಉಗುರಿನ ಅಂಚಿನಷ್ಟು ತುಂಡು. ಅಷ್ಟು ಸಂದಿಯಲ್ಲಿ ಪಂಪ್ ಎಣ್ಣೆ ಜೊತೆ ಗಾಳಿ ಎಳೆಯುತ್ತಿತ್ತು. ಹೊಸ ಉಂಗುರಕ್ಕೆ ಎಣ್ಣೆ ಸವರಿ, ಕೈಯಲ್ಲೇ ನೇರವಾಗಿ ಒತ್ತಿ ಕೂರಿಸಿ, ಕೊನೆಗೆ ಬೋಲ್ಟ್ ಬಿಗಿದೆವು. ಬಿಸಿಯಾದ ಮೇಲೂ ಪ್ರೆಷರ್ 30ರ ಮೇಲೇ ನಿಂತಿತು. ನನ್ನ ಮಾತು ಕೇಳಿ ಹತ್ತು ನಿಮಿಷ ಓಡಿಸಿದ್ದರೆ ಬೇರಿಂಗ್ ಹೋಗಿರುತ್ತಿತ್ತು.

ವುಡ್‌ವರ್ಡ್ ರಸ್ತೆಯಲ್ಲಿ

ಪ್ರತಿ ವರ್ಷ ಆಗಸ್ಟ್‌ನ ಮೂರನೇ ಶನಿವಾರ ವುಡ್‌ವರ್ಡ್ ಅವೆನ್ಯೂದಲ್ಲಿ ಹಳೇ ಕಾರುಗಳ ಜಾತ್ರೆಯೇ ನಡೆಯುತ್ತದೆ. 1995ರಿಂದ ಶುರುವಾದದ್ದು. ಅವತ್ತು ಕಾರುಗಳು ಆಮೆ ಹಾಗೆ ಸಾಗುತ್ತವೆ. ಅರ್ಧ ಗಂಟೆಯಲ್ಲಿ ಟೆಂಪರೇಚರ್ ಮುಳ್ಳು 230 ಫ್ಯಾರನ್‌ಹೀಟ್ ಮುಟ್ಟಿತು. ನಿಧಾನವಾಗಿ ಏರಲಿಲ್ಲ, ಕುಣಿಯುತ್ತಿತ್ತು. 200, 230, ಮತ್ತೆ 205. ಹೀಟರ್ ಹಾಕಿದರೆ ತಣ್ಣನೆ ಗಾಳಿ. ಪಕ್ಕಕ್ಕೆ ನಿಲ್ಲಿಸಿ ಬಾನೆಟ್ ಎತ್ತಿದೆವು. ತಕ್ಷಣ ಜನ ಸೇರಿದರು. ಒಬ್ಬರು ಒಳಗೆ ನೋಡಿ, ಏನೂ ಹೇಳದೆ, ತಲೆ ಅಲ್ಲಾಡಿಸಿ ಹೋದರು. ಇನ್ನೊಬ್ಬರು ಫೋರ್ಡ್ ಟೋಪಿ ಹಾಕಿದ್ದರು. ಅವರೇ ಬಗ್ಗಿ ನೋಡಿ ಕೇಳಿದರು: "ಸ್ಟೀಮ್ ಪೈಪ್ ಎಲ್ಲಿಗೆ ಕೊಟ್ಟಿದ್ದೀರಿ?"

ನಾವು ಅದನ್ನು ಮುಚ್ಚಿಬಿಟ್ಟಿದ್ದೆವು. ಎಲ್‌ಎಸ್‌ನಲ್ಲಿ ಎರಡೂ ಹೆಡ್‌ಗಳ ಮುಂದಿನ ಮೂಲೆಯಿಂದ ಒಂದು ಸಣ್ಣ ಪೈಪ್ ಹೊರಡುತ್ತದೆ. ಹೆಡ್‌ನ ಮೇಲ್ಭಾಗದಲ್ಲಿ ಸೇರುವ ಆವಿ, ಗಾಳಿ ಅದರ ಮೂಲಕವೇ ರೇಡಿಯೇಟರಿಗೆ ಹೋಗಬೇಕು. ನಮ್ಮ ಹಳೇ ಮಾದರಿಯ ರೇಡಿಯೇಟರಿನಲ್ಲಿ ಅದಕ್ಕೆ ಜಾಗ ಇರಲಿಲ್ಲ, ಬೇಡವೇನೋ ಅಂತ ಬೂಚು ಹಾಕಿದ್ದೆವು. ಗಾಳಿ ಅಲ್ಲೇ ಸಿಕ್ಕಿಕೊಂಡಿತ್ತು. ಟೆಂಪರೇಚರ್ ಸೆನ್ಸರ್ ಇರುವುದೂ ಹೆಡ್‌ನಲ್ಲೇ. ಅದಕ್ಕೆ ಒಮ್ಮೆ ನೀರು ತಾಗಿದರೆ, ಒಮ್ಮೆ ಆವಿ. ಮುಳ್ಳು ಕುಣಿದದ್ದು ಅದಕ್ಕೇ. ಸೆಪ್ಟೆಂಬರಿನಲ್ಲಿ ರೇಡಿಯೇಟರಿನ ಮೇಲ್ತುದಿಗೆ ಒಂದು ಮೂತಿ ಕೂರಿಸಿ ಆ ಪೈಪ್ ಸೇರಿಸಿದೆವು. ಆಮೇಲೆ ಟ್ರಾಫಿಕ್‌ನಲ್ಲೂ 205 ದಾಟಿಲ್ಲ.

ಆ ಫೋರ್ಡ್ ಟೋಪಿಯವರ ಬಗ್ಗೆ ನನಗೆ ಇವತ್ತಿಗೂ ಗೌರವ ಇದೆ. ಅವರಿಗೆ ಈ ಜೋಡಿ ಇಷ್ಟ ಆಗಲಿಲ್ಲ, ಅದನ್ನು ಮುಖಕ್ಕೇ ಹೇಳಿದರು. ಆದರೂ ಬಿಸಿಲಲ್ಲಿ ಅರ್ಧ ಗಂಟೆ ನಿಂತು, ಎಂಜಿನ್ ತಣ್ಣಗಾದ ಮೇಲೆ ನೀರು ತುಂಬಲು ಕೈಹಚ್ಚಿದರು.

ಈಗ ನೋಡಿದರೆ

ವೈರಿಂಗ್ ಅಂದಗೊಳಿಸುವುದು, ಸ್ಪೀಡೋಮೀಟರ್, ಹೀಗೆ ಚಿಲ್ಲರೆ ಕೆಲಸ ಮುಗಿಯುವ ಹೊತ್ತಿಗೆ ಡಿಸೆಂಬರ್ ಬಂತು. ಹದಿನಾಲ್ಕು ತಿಂಗಳು. ಎಂಜಿನ್ ಮನೆಯದ್ದೇ ಇದ್ದರೂ ಖರ್ಚು ಅಂದುಕೊಂಡಿದ್ದರ ಎರಡು ಪಟ್ಟು ದಾಟಿತು. ಚೇಂಬರ್, ಹೆಡರ್, ಟ್ಯಾಂಕ್, ಶಾಫ್ಟ್, ಕಂಪ್ಯೂಟರ್ ಕೆಲಸ, ಹಣವೆಲ್ಲ ಹೋಗಿದ್ದು ಇವಕ್ಕೆ. ಕಾರನ್ನು ಮಾರಲು ಹೋದರೆ ಮೂಲ ಫೋರ್ಡ್ ಎಂಜಿನ್ ಬೇಕು ಅನ್ನುವವರು ತಿರುಗಿಯೂ ನೋಡುವುದಿಲ್ಲ. ಅಣ್ಣನಿಗೆ ಮಾರುವ ಯೋಚನೆ ಇಲ್ಲ.

ಮಿಷಿಗನ್‌ನಲ್ಲಿ ಹೊಗೆ ಪರೀಕ್ಷೆ ಇಲ್ಲ, ಹಾಗಾಗಿ ಕಾಗದಪತ್ರದ ತೊಂದರೆ ಆಗಲಿಲ್ಲ. ಹೊಗೆ ಪರೀಕ್ಷೆ ಕಟ್ಟುನಿಟ್ಟಾಗಿರುವ ಕ್ಯಾಲಿಫೋರ್ನಿಯಾದಲ್ಲೂ 1975 ಮತ್ತು ಅದಕ್ಕಿಂತ ಹಳೇ ಪೆಟ್ರೋಲ್ ಕಾರುಗಳಿಗೆ ವಿನಾಯಿತಿ ಇದೆ. ಕರ್ನಾಟಕದಲ್ಲಿ ಕೂತು ಇದನ್ನು ಓದುವವರು ಒಂದು ವಿಷಯ ಗಮನಿಸಬೇಕು. ನಮ್ಮಲ್ಲಿ ಆರ್‌ಸಿಯಲ್ಲೇ ಎಂಜಿನ್ ನಂಬರ್ ಇರುತ್ತದೆ. ಆರ್‌ಟಿಒ ಒಪ್ಪಿಗೆ ಇಲ್ಲದೆ ಎಂಜಿನ್ ಬದಲಿಸಲು ಹೋಗಬೇಡಿ.

ಬೇರೆಯವರು ಇದೇ ಕೆಲಸಕ್ಕೆ ಸಲಹೆ ಕೇಳಿದರೆ ನಾನು ಹೇಳುವುದು ಇಷ್ಟು. ಮೊದಲ ಸಲ ಮಾಡುವವರಾದರೆ ಫೋರ್ಡ್‌ನದ್ದೇ ಹಾಕಿ. 1996ರಿಂದ 2001ರ ಎಕ್ಸ್‌ಪ್ಲೋರರ್ ಜೀಪುಗಳಲ್ಲಿ 5.0 ವಿ8 ಬರುತ್ತಿತ್ತು. ಅದು ಫೋರ್ಡ್‌ನ ಹಳೇ 289, 302 ಎಂಜಿನ್ನುಗಳ ಬಳಗದ ಬ್ಲಾಕೇ. ಮಸ್ಟಾಂಗ್‌ಗೆ ಅರ್ಧ ಕಷ್ಟದಲ್ಲಿ ಕೂರುತ್ತದೆ. ಎಲ್‌ಎಸ್ಸೇ ಬೇಕು ಅಂದರೆ ಎಂಜಿನ್ ಕೊಳ್ಳುವ ಮೊದಲು ಕಾರಿನ ಕೆಳಗೆ ಮಲಗಿ ಸ್ಟೀರಿಂಗ್ ರಾಡ್ ಎಲ್ಲಿದೆ ಅಂತ ಅಳೆಯಿರಿ, ಚೇಂಬರ್ ಗೊತ್ತುಮಾಡಿ, ಆಮೇಲೆ ಉಳಿದದ್ದು. ಎಂಜಿನ್ ಬಂದ ಗಾಡಿಯನ್ನು ಕೆಲಸ ಮುಗಿಯುವವರೆಗೂ ಗುಜರಿಗೆ ಕಳಿಸಬೇಡಿ. ನಮಗೆ ಪಿಕಪ್ ಬಿಟ್ಟುಕೊಟ್ಟ ಮೇಲೆ ಅದರ ಆಕ್ಸಿಲರೇಟರ್ ಪೆಡಲ್ ಬೇಕಾಯಿತು. ಎಂಜಿನ್ ಥ್ರಾಟಲ್, ಪೆಡಲ್, ನಡುವಿನ ಎಲೆಕ್ಟ್ರಾನಿಕ್ ಡಬ್ಬಿ, ಮೂರೂ ಒಂದೇ ಜೋಡಿಯದ್ದಾಗಿರಬೇಕು. ಬೇರೆ ಪಿಕಪ್‌ನದ್ದು ಹುಡುಕಿ ತರಲು ಎರಡು ವಾರ ಹೋಯಿತು.

ಗೋಡೆಯ ಚೀಟಿ ಇನ್ನೂ ಅಲ್ಲೇ ಇದೆ. ಬಿಚ್ಚಿದ ಫೋರ್ಡ್ ಮೌಂಟ್, ಬೋಲ್ಟ್, ಹಳೇ ಅಡ್ಡಪಟ್ಟಿ ಎಲ್ಲವೂ ಹೆಸರು ಬರೆದ ಡಬ್ಬಗಳಲ್ಲಿ ಮೇಲಿನ ಹಲಗೆ ಮೇಲಿವೆ. ಹೋದ ತಿಂಗಳು ಅಣ್ಣನ ಪರಿಚಯದ ಹುಡುಗನೊಬ್ಬ ಬಂದಿದ್ದ. ಅವನ ಹತ್ತಿರ ಹಳೇ ಕಮಾರೊ ಇದೆ, ಅದಕ್ಕೆ ಫೋರ್ಡ್ ಎಂಜಿನ್ ಹಾಕಬೇಕಂತೆ. ಅಣ್ಣ ಅವನ ಕೈಗೆ ಟೇಪು, ಟಾರ್ಚು ಕೊಟ್ಟು, ಮೊದಲು ಕಾರಿನ ಕೆಳಗೆ ಹೋಗಿ ಅಳೆದುಕೊಂಡು ಬಾ ಅಂತ ಕಳಿಸಿದರು.